ಮರಳಿ ದಡಕ್ಕೆ ಬಂದ ಪಟ

ಕತಾರಿಗೆ ಹೋಗಿ ಬಂದೆನೆಂದು ತಿಳಿದ ಕೂಡಲೇ ಮೈಸೂರಿನಲ್ಲಿ ಜನ ಕೇಳುವುದು, ಒಂಟೆ ನೋಡಿದಿರಾ ಎಂದು. ನೋಡಿದೆ. ಎರಡು ಒಂಟೆ, ದೂರದಲ್ಲಿ, ಕಾರಿನ ಕಿಟಕಿಯಿಂದ. ಅವುಗಳ ಬಣ್ಣ ಕೂಡ ಈಗ ನೆನಪಿಲ್ಲ. ಆ ಹೊತ್ತಿನಲ್ಲಿ ನನ್ನ ಎರಡು ಪಾದಗಳ ನಡುವೆ ಹಳೆಯ ಹೊದಿಕೆಯಲ್ಲಿ ಸುತ್ತಿದ, ಗಾಜು ಹಾಕಿದ ಒಂದು ಪಟ ನಿಂತಿತ್ತು. ಸೀರೆಯ ನೆರಿಗೆ ಅದನ್ನು ಪೂರ್ತಿ ಮುಚ್ಚಿದೆಯೇ ಇಲ್ಲವೇ ಎನ್ನುವುದರಲ್ಲೇ ನನ್ನ ಗಮನವೆಲ್ಲ ಇತ್ತು.

ಮೂರು ವರ್ಷವಾಯಿತು. ಈಗಲೂ ಪಾಠ ಮಾಡುವಾಗ ಕಾಲೇಜಿನ ಹೊರಗೆ ಜೀಪೊಂದು ನಿಂತ ಸದ್ದಾದರೆ ನನ್ನ ವಾಕ್ಯ ಅರ್ಧಕ್ಕೆ ನಿಲ್ಲುತ್ತದೆ. ಹುಡುಗಿಯರು ಟಿಪ್ಪಣಿಯಿಂದ ತಲೆಯೆತ್ತಿ ನೋಡುತ್ತಾರೆ. ಬರೆದರೆ ಹೋದೀತೇನೋ ಎಂದು ಬರೆಯುತ್ತಿದ್ದೇನೆ.

ಬಿನ್ ಒಮ್ರಾನ್

ನಾನು ಪ್ರವಾಸಿಯಾಗಿ ಹೋದವಳಲ್ಲ. ಸುಮ್ಮನೆ ನೋಡಿಕೊಂಡು ಬರೋಣ ಎಂದು ಆಗ ಆ ದೇಶಕ್ಕೆ ಹೋಗುವ ಹಾಗೂ ಇರಲಿಲ್ಲ. ಒಳಗಿರುವವರು ಯಾರಾದರೂ ನಮ್ಮ ಹೊಣೆ ಹೊತ್ತು ಕರೆಸಿಕೊಳ್ಳಬೇಕು. ಅಕ್ಕ ಸುಧಾಳಿಗೆ ಎರಡನೆಯ ಹೆರಿಗೆಯಾಗುವುದಿತ್ತು. ಅಮ್ಮನ ಮಂಡಿನೋವು ಅವಳನ್ನು ಬೀದಿ ದಾಟಲೂ ಬಿಡುತ್ತಿರಲಿಲ್ಲ. ಬಾಣಂತನಕ್ಕೆ ನಾನೇ ಹೋಗುವುದೆಂದಾಯಿತು. ಮೆಸಯೀದಿನ ಕಾರ್ಖಾನೆಯೊಂದರಲ್ಲಿ ಎಂಜಿನಿಯರಾಗಿದ್ದ ಭಾವ ನಾಗರಾಜ್ ಕಾಗದಪತ್ರ ಮಾಡಿಸಿದರು. 1996ರ ಜನವರಿ ಕೊನೆಯಲ್ಲಿ, ರಂಜಾನ್ ಶುರುವಾಗಿದ್ದ ಹೊತ್ತಿಗೆ, ಲೇಹ್ಯದ ಡಬ್ಬಿಗಳ ಪೆಟ್ಟಿಗೆಯೊಂದಿಗೆ ದೋಹಾದಲ್ಲಿ ಇಳಿದೆ. ವಿಮಾನ ನಿಲ್ದಾಣದ ಅಧಿಕಾರಿ ಲೇಹ್ಯವನ್ನು ಮೂಸಿ ಪಕ್ಕಕ್ಕಿಟ್ಟ. ನನ್ನ ಇತಿಹಾಸದ ಪುಸ್ತಕವನ್ನು ಮಾತ್ರ ಹಾಳೆ ಹಾಳೆಯಾಗಿ ತಿರುವಿ ನೋಡಿದ. ಕನ್ನಡ ಅಕ್ಷರಗಳಲ್ಲಿ ಅವನು ಏನನ್ನು ಹುಡುಕಿದನೋ ತಿಳಿಯದು.

ದೋಹಾದ ಬಿನ್ ಒಮ್ರಾನ್ ಬಡಾವಣೆಯಲ್ಲಿ, ಮೂರನೆಯ ಮಹಡಿಯಲ್ಲಿದ್ದ ಅಕ್ಕನ ಮನೆಯಲ್ಲಿ ಒಂದು ಕಟ್ಟುನಿಟ್ಟಿತ್ತು. ಆಳುವವರ ಹೆಸರನ್ನು ಯಾರೂ ಎತ್ತುವಂತಿಲ್ಲ. ಹಳೆಯ ಅಮೀರರು 'ಹಿರೇ ಯಜಮಾನರು', ಈಗಿನವರು 'ಕಿರೇ ಯಜಮಾನರು'. ಫೋನಿನಲ್ಲಿ ಅದೂ ಇಲ್ಲ. ಹಿಂದಿನ ಜೂನ್ ತಿಂಗಳಲ್ಲಿ ಅಕ್ಕ ಮೈಸೂರಿಗೆ ಫೋನ್ ಮಾಡಿ, "ನಮ್ಮ ಓನರ್ ಮನೇಲಿ ಮಗ ಜವಾಬ್ದಾರಿ ತಗೊಂಡ್ರು" ಎಂದಿದ್ದಳು. ಅಮ್ಮ ಅದನ್ನು ಬಾಡಿಗೆ ಮನೆಯ ಸುದ್ದಿ ಎಂದೇ ತಿಳಿದು, "ಒಳ್ಳೆಯವನಾ?" ಎಂದು ಕೇಳಿದ್ದಳು.

ನಡೆದದ್ದು ಇಷ್ಟು. ಅಮೀರರಾಗಿದ್ದ ತಂದೆ ಯುರೋಪಿಗೆ ಹೋಗಿದ್ದರು. ಅವರು ಅಲ್ಲಿರುವಾಗಲೇ ಮಗ ಅಧಿಕಾರ ವಹಿಸಿಕೊಂಡರು. ಒಂದು ಗುಂಡೂ ಹಾರಲಿಲ್ಲ. ಮನೆತನದ ಹಿರಿಯರು ಸಾಲಾಗಿ ಬಂದು ಹೊಸಬರ ಕೈ ಕುಲುಕುವುದನ್ನು ಟೀವಿಯಲ್ಲಿ ತೋರಿಸಿದರಂತೆ. ಆ ತಂದೆಯೂ 1972ರಲ್ಲಿ ಅಧಿಕಾರಕ್ಕೆ ಬಂದದ್ದು ಹೀಗೆಯೇ. ಆಗಿನ ಅಮೀರರು, ಅವರ ದಾಯಾದಿ, ಬೇಟೆಗೆಂದು ಹೊರದೇಶಕ್ಕೆ ಹೋಗಿದ್ದರು. ಇದನ್ನು ನಾನು ಊರಿನಲ್ಲಿ ಓದಿಕೊಂಡು ಹೋಗಿದ್ದೆ. ಊಟದ ಹೊತ್ತಿನಲ್ಲಿ ಹೇಳಿದಾಗ ಭಾವ ತುತ್ತು ಕೈಯಲ್ಲಿ ಹಿಡಿದೇ ನಕ್ಕರು.

"ಈ ದೇಶದಲ್ಲಿ ರಾಜ ಆದವನು ರಜಾ ಹಾಕ್ಬಾರ್ದು ಕಣಮ್ಮ ವನಜ."

ಅಕ್ಕ ನಗಲಿಲ್ಲ. ಎದ್ದು ಹೋಗಿ ಅಡಿಗೆಮನೆಯ ಕಿಟಕಿ ಮುಚ್ಚಿ ಬಂದಳು. ಹಸುಗೂಸಿಗೆ ಆಗ ಹತ್ತು ದಿನ. "ಎರಡು ಮಕ್ಕಳಾಯ್ತು ರೀ. ತಮಾಷೆ ಸಾಕು" ಎಂದಳು. ಆ ಮಾತಿನ ತೂಕ ನನಗೆ ಆಗ ತಿಳಿಯಲಿಲ್ಲ. ಭಾವನ ಪಾಸ್‌ಪೋರ್ಟ್ ಕಂಪನಿಯ ಕಪಾಟಿನಲ್ಲಿತ್ತು. ಅವರ ಕೆಲಸ, ಆ ಮನೆ, ದೊಡ್ಡವಳ ಸ್ಕೂಲು ಎಲ್ಲವೂ ಒಂದು ಗುರುತಿನ ಚೀಟಿಯ ಮೇಲೆ ನಿಂತಿದ್ದವು. ಅದನ್ನು ರದ್ದುಮಾಡಲು ಯಾರೂ ಯಾರಿಗೂ ಕಾರಣ ಕೊಡಬೇಕಾಗಿರಲಿಲ್ಲ.

ಅಲ್ ಮನ್ಸೂರಾ

ಸದಾನಂದಣ್ಣ ಕಾಪು ಕಡೆಯವರು, ಮನೆಮಾತು ತುಳು. ಅಲ್ ಮನ್ಸೂರಾದ ಗಿಜಿಗುಡುವ ಬೀದಿಯಲ್ಲಿ ಅವರದು ಒಂದು ಮಳಿಗೆಯ ದರ್ಜಿ ಅಂಗಡಿ. ಅರಬರ ಉದ್ದನೆಯ ಬಿಳಿ ಅಂಗಿ ಹೊಲಿಯುವುದರಲ್ಲಿ ಪಳಗಿದ ಕೈ. ಭಾವ ಕತಾರಿಗೆ ಬಂದ ಮೊದಲ ವಾರದಿಂದಲೂ ಅವರಿಗೆ ಗೆಳೆಯ. ಗೋಡೆಯ ಮೇಲೆ, ಎಲ್ಲ ಅಂಗಡಿಗಳಲ್ಲೂ ಇರುವಂತೆ, ಕಿರೇ ಯಜಮಾನರ ಪಟ. ಅದರ ಕೆಳಗೆ ಒಂದು ಊದಿನಕಡ್ಡಿಯ ಸ್ಟ್ಯಾಂಡು.

ರಂಜಾನಿನ ಕೊನೆಯ ವಾರವದು. ಹಿಂದಿನ ದಿನದಿಂದ ಊರಿನಲ್ಲಿ ಏನೋ ಸರಿಯಿರಲಿಲ್ಲ. ಸಮುದ್ರದ ರಸ್ತೆಯಲ್ಲಿ ಸೇನೆಯ ಲಾರಿಗಳು ನಿಂತಿದ್ದವು. ಪತ್ರಿಕೆಯಲ್ಲಿ ಎಂದಿನಂತೆ ಯಾರೋ ಯಾರನ್ನೋ ಬರಮಾಡಿಕೊಂಡ ಚಿತ್ರಗಳು. ಕೇಳಿದವರೆಲ್ಲ "ಮಾಫಿ, ಏನೂ ಇಲ್ಲ" ಎನ್ನುತ್ತಿದ್ದರು. ಹಾಗೆ ಹೇಳುವಾಗ ಮುಖ ನೋಡುತ್ತಿರಲಿಲ್ಲ.

ಭಾವನ ಪ್ಯಾಂಟು ತೆಗೆದುಕೊಳ್ಳಲು ನಾವಿಬ್ಬರೂ ಹೋದೆವು. ಸದಾನಂದಣ್ಣ ಬಾಗಿಲ ಗಾಜಿಗೆ ಪರದೆ ಎಳೆದು, ಬಟ್ಟೆಯ ಥಾನುಗಳ ಹಿಂದಿನಿಂದ ಒಂದು ದೊಡ್ಡ ಪಟ ಎಳೆದು ತೆಗೆದರು. ತೇಗದ ಚೌಕಟ್ಟು, ಗಾಜು, ಒಳಗೆ ಹಿರೇ ಯಜಮಾನರು.

"ಎಂತ ಮಾರಾಯ್ರೆ ಇದು, ಇನ್ನೂ ಇಟ್ಕೊಂಡಿದ್ದೀರಾ?" ಭಾವನ ದನಿ ತಗ್ಗಿತು. ಸದಾನಂದಣ್ಣನ ಎದುರು ಅವರ ಮೈಸೂರು ಕನ್ನಡ ತಾನಾಗಿ ಕರಾವಳಿಗೆ ತಿರುಗುತ್ತಿತ್ತು.

"ಎಂಟು ತಿಂಗಳಾಯ್ತು ಇಳಿಸಿ. ಎಲ್ಲಿಗೆ ಬಿಸಾಡುದು ಹೇಳಿ? ಹದಿನೆಂಟು ವರ್ಷ ಇವರ ಕೆಳಗೆ ಮಿಶನ್ ತುಳಿದದ್ದು ನಾನು. ಮೂರು ತಂಗಿಯಂದಿರ ಮದುವೆ ಆದದ್ದು ಇವರ ಕಾಲದಲ್ಲಿ. ದಿನಾ ಸಂಜೆ ಕಡ್ಡಿ ಹಚ್ಚಿದ್ದೇನೆ. ಕಸದ ತೊಟ್ಟಿಗೆ ಹಾಕ್ಲಿಕ್ಕೆ ಕೈ ಬರ್ಲಿಲ್ಲ."

"ಕೈ ಬರ್ಲಿಲ್ವೋ, ವಾಪಸ್ ಬಂದ್ರೆ ಬೇಕಾಗ್ತದೆ ಅಂತ ಇಟ್ರೋ?"

"ಅದೂ ಉಂಟು" ಎಂದು ಅವರು ಒಪ್ಪಿಕೊಂಡರು. "ಆದ್ರೆ ನಿನ್ನೆ ಪಕ್ಕದ ಬೀದಿಯ ಅಂಗಡಿಗಳಿಗೆ ಇಬ್ಬರು ಬಂದು ಹುಡುಕಿ ಹೋಗಿದ್ದಾರೆ. ಎಂತ ಹುಡುಕಿದ್ದು ಅಂತ ಯಾರೂ ಹೇಳುದಿಲ್ಲ. ನಾಳೆ ಇಲ್ಲಿಗೆ ಬಂದ್ರೆ ನಾನು ಎಂತ ಹೇಳ್ಬೇಕು? ಸುಟ್ಟುಬಿಡುವಾ ಅಂತ ಮಾಡಿದ್ದೆ. ರೂಮಲ್ಲಿ ಆರು ಜನ. ಹೊಗೆ ಬಂದ್ರೆ ಕೇಳ್ತಾರೆ."

ಆಗ ನಾನು ಬಾಯಿ ಹಾಕಿದೆ. ಯಾರೂ ನನ್ನನ್ನು ಕೇಳಿರಲಿಲ್ಲ. ನಮ್ಮ ಮೈಸೂರಿನಲ್ಲಿ ರಾಜ್ಯ ಹೋಗಿ ಅರ್ಧ ಶತಮಾನವಾಗುತ್ತ ಬಂದರೂ ಮಹಾರಾಜರ ಪಟ ಹೋಟೆಲುಗಳ ಗಲ್ಲಾಪೆಟ್ಟಿಗೆಯ ಮೇಲೆ ಹಾಗೇ ಇದೆ. ಇಳಿಸಿ ಎಂದು ಯಾರೂ ಹೇಳಿಲ್ಲ. ಪಟವನ್ನು ಸುಡುವ ಮಾತು ನನಗೆ ಹಿಡಿಸಲಿಲ್ಲ. ಅಪ್ಪ ತೀರಿಕೊಂಡ ವರ್ಷ ಮನೆ ಖಾಲಿ ಮಾಡುವಾಗ ಗೆದ್ದಲು ಹಿಡಿದ ಹಳೆಯ ಪಟಗಳನ್ನೆಲ್ಲ ನಾನೇ ಶ್ರೀರಂಗಪಟ್ಟಣಕ್ಕೆ ಒಯ್ದು ಕಾವೇರಿಗೆ ಬಿಟ್ಟಿದ್ದೆ.

"ಸುಡಬೇಡಿ. ನೀರಿಗೆ ಬಿಟ್ಟುಬಿಡಿ" ಎಂದೆ.

ಸದಾನಂದಣ್ಣನ ಮುಖ ಹಗುರಾಯಿತು. "ನೋಡಿ, ಟೀಚರು ಹೇಳಿದ್ದು ಸರಿ. ಕಡಲು ಉಂಟಲ್ಲ."

ನೀರಿಗೆ ಬಿಡಿ ಎಂದ ಆ ಮಾತನ್ನೇ ನಾನು ಹಿಂದಕ್ಕೆ ತೆಗೆದುಕೊಳ್ಳಲು ಮೂರು ವರ್ಷದಿಂದ ಪ್ರಯತ್ನಿಸುತ್ತಿರುವುದು.

ಮೆಸಯೀದ್ ದಾರಿ

ಮರುದಿನ ಶುಕ್ರವಾರ, ರಜೆ. ಬಾಣಂತಿಗೆ ಗಾಬರಿಯಾಗಬಾರದೆಂದು ಅಕ್ಕನಿಗೆ, ವನಜಳಿಗೆ ಸಮುದ್ರ ತೋರಿಸಿಕೊಂಡು ಬರುತ್ತೇನೆ ಎಂದಷ್ಟೇ ಭಾವ ಹೇಳಿದರು. ಪಕ್ಕದ ಮನೆಯ ಮಲಯಾಳಿ ಹೆಂಗಸು ಅಕ್ಕನ ಜೊತೆಗಿದ್ದಳು. ಊರ ಸಮುದ್ರದ ರಸ್ತೆಯಲ್ಲಿ ಸೇನೆಯಿದ್ದುದರಿಂದ ಮೆಸಯೀದಿನ ಆಚೆಯ ಕಡಲಿಗೆ ಹೋಗುವುದೆಂದಾಗಿತ್ತು. ಆ ರಸ್ತೆ ಭಾವನಿಗೆ ದಿನನಿತ್ಯದ್ದು; ಕಾರ್ಖಾನೆಯ ಪಾಸಿತ್ತು. ಅದರ ಮೇಲೆ ಇನ್ನೊಂದು ಲೆಕ್ಕಾಚಾರ: ಹೆಂಗಸು ಕುಳಿತ ಕಾರಿನೊಳಗೆ ಅಲ್ಲಿನ ಪೊಲೀಸರು ಸಾಮಾನ್ಯವಾಗಿ ಬಗ್ಗಿ ನೋಡುವುದಿಲ್ಲ. ಅದು ಮರ್ಯಾದೆ. ಆ ಮರ್ಯಾದೆಯ ಹಿಂದೆ ನಾವು ಪಟವನ್ನು ಅಡಗಿಸಿದೆವು. ಮುಂದೆ ಭಾವನ ಪಕ್ಕ ಸದಾನಂದಣ್ಣ, ನಾನು ಹಿಂದಿನ ಸೀಟಿನಲ್ಲಿ, ಪಟ ನನ್ನ ಕಾಲ ಬಳಿ, ಅದಕ್ಕೆ ಮಗುವಿನ ಹೊದಿಕೆ.

ಊರು ಮುಗಿದ ಮೇಲೆ ಎರಡೂ ಕಡೆ ಬಿಳಿಚಿದ ಬಯಲು. ಮರವಿಲ್ಲ, ಬೇಲಿಯಿಲ್ಲ. ವಕ್ರಾ ಎಂಬ ಊರಿನ ಬಳಿ ರಸ್ತೆಗೆ ಅಡ್ಡಲಾಗಿ ಡ್ರಮ್ಮುಗಳಿದ್ದವು, ಅವುಗಳ ಹಿಂದೆ ಸೈನಿಕರು. ಭಾವ ದಿನವೂ ಹೋಗುವ ದಾರಿಯಲ್ಲಿ ಅಂಥದ್ದನ್ನು ಎಂದೂ ಕಂಡಿರಲಿಲ್ಲ.

"ತಿರುಗಿಸಿಬಿಡಿ ಭಾವ" ಎಂದೆ.

"ತಿರುಗಿಸಿದ್ರೆ ಹಿಂದೇನೇ ಬರ್ತಾರೆ. ಮಾತಾಡ್ಬೇಡ."

ಸೈನಿಕನೊಬ್ಬ ಪಾಸು ನೋಡಿದ. ಸದಾನಂದಣ್ಣನ ಚೀಟಿ ನೋಡಿದ. ಹಿಂದೆ ಕುಳಿತ ನನ್ನ ಸೀರೆಯ ಸೆರಗು ಕಂಡದ್ದೇ ಕಣ್ಣು ಬೇರೆ ಕಡೆ ತಿರುಗಿಸಿದ. ಇಪ್ಪತ್ತರ ಹುಡುಗನಿರಬೇಕು, ತುಟಿ ಒಣಗಿ ಬಿರಿದಿತ್ತು. ಉಪವಾಸ. ನನ್ನ ತೊಡೆಯ ಮೇಲಿದ್ದ ನೀರಿನ ಬಾಟಲಿಯನ್ನು ನಾನು ಸೆರಗಿನಡಿ ಸರಿಸಿದೆ. ಆ ತಿಂಗಳು ಹಗಲಿನಲ್ಲಿ ಎಲ್ಲರೆದುರು ಗುಟುಕು ನೀರು ಕುಡಿದರೂ ತಪ್ಪು. ಆಗ ನನಗೆ ಪಟಕ್ಕಿಂತ ಬಾಟಲಿಯ ಹೆದರಿಕೆಯೇ ಹೆಚ್ಚಾಗಿದ್ದುದು ಈಗ ವಿಚಿತ್ರವೆನಿಸುತ್ತದೆ. ಅವನು ಕೈಯಾಡಿಸಿದ. ಕಾರು ಮುಂದೆ ಹೋಯಿತು. ಆಮೇಲೆ ಕಂಡವು ಆ ಒಂಟೆಗಳು.

"ಟೀಚರು ಇದ್ದದ್ದು ಒಳ್ಳೇದಾಯ್ತು" ಎಂದು ಸದಾನಂದಣ್ಣ ಹಣೆ ಒರೆಸಿಕೊಂಡರು. "ಊರಲ್ಲಿ ಪೊಲೀಸರು ಹೆಂಗಸರನ್ನೇ ಮೊದಲು ಇಳಿಸ್ತಾರೆ."

ಕಡಲು

ಕಾರ್ಖಾನೆಗಳ ಉರಿಯುವ ಚಿಮಣಿಗಳನ್ನು ಹಿಂದೆ ಬಿಟ್ಟು, ಮರಳ ದಿಬ್ಬಗಳು ನೀರಿಗೆ ಇಳಿಯುವಲ್ಲಿ ಭಾವ ಕಾರು ನಿಲ್ಲಿಸಿದರು. ಮಧ್ಯಾಹ್ನ ಮೂರೂವರೆ. ಸುತ್ತ ನರಪಿಳ್ಳೆ ಇಲ್ಲ. ಸದಾನಂದಣ್ಣ ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ, ಪಟವನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದು ನೀರಿಗಿಳಿದರು.

ಹತ್ತು ಹೆಜ್ಜೆ ಹೋದರು. ನೀರು ಹಿಮ್ಮಡಿಗೆ. ಮೂವತ್ತು ಹೆಜ್ಜೆ, ನೀರು ಮೀನಖಂಡಕ್ಕೆ. ನಾವು ದಡದಲ್ಲಿ ನಿಂತು ನೋಡುತ್ತಲೇ ಇದ್ದೆವು, ಅವರು ಸಣ್ಣವರಾಗುತ್ತ ಹೋದರು, ನೀರು ಮಂಡಿ ದಾಟಲಿಲ್ಲ. ಅಲೆಯೂ ಇಲ್ಲ. ಕೊನೆಗೆ ಅಲ್ಲೇ ನಿಂತು, ಪಟವನ್ನು ಹಣೆಗೊತ್ತಿಕೊಂಡು, ಮೆಲ್ಲಗೆ ನೀರಿನ ಮೇಲೆ ಮಲಗಿಸಿದರು.

ಅದು ಮುಳುಗಲಿಲ್ಲ. ತೇಗದ ಮರ ತೇಲಿತು. ಹಿರೇ ಯಜಮಾನರು ಆಕಾಶ ನೋಡುತ್ತ ಮಲಗಿದರು. ಸದಾನಂದಣ್ಣ ಒತ್ತಿ ಹಿಡಿದರು. ಕೈ ತೆಗೆದರೆ ಮೇಲೆ ಬರುತ್ತಿತ್ತು. ಮತ್ತೆ ಒತ್ತಿದರು. ಸಾಕಾಗಿ ಅವರು ತಿರುಗಿ ಹೊರಟರೆ, ಪಟವೂ ಅವರ ಹಿಂದೆಯೇ ದಡದ ಕಡೆಗೆ ಮೆಲ್ಲಗೆ ಬರತೊಡಗಿತು. ಕಾವೇರಿ ಕೊಟ್ಟದ್ದನ್ನು ಒಯ್ಯುತ್ತದೆ. ನೀರೆಂದರೆ ಒಯ್ಯುವಂಥದ್ದು ಎಂದೇ ನಾನು ತಿಳಿದಿದ್ದೆ.

"ಇದು ಕಡಲೋ ಕೆರೆಯೋ" ಎಂದು ಅವರು ಬೈದುಕೊಂಡರು. "ನಮ್ಮ ಕಾಪಿನಲ್ಲಾದ್ರೆ ಇಷ್ಟೊತ್ತಿಗೆ ಲೈಟ್‌ಹೌಸ್ ದಾಟಿರ್ತಿತ್ತು."

"ಕಲ್ಲು ಕಟ್ಟೋಣ" ಎಂದರು ಭಾವ. ಹುಡುಕಿದರೆ ಆ ಮರಳಿನಲ್ಲಿ ಒಂದು ಹಿಡಿಗಲ್ಲೂ ಇಲ್ಲ. ಹೊದಿಕೆಯಲ್ಲಿ ಮರಳು ತುಂಬಿ ಗಂಟು ಕಟ್ಟುತ್ತ ನಾನು ಕುಕ್ಕರಗಾಲಲ್ಲಿ ಕುಳಿತಿದ್ದೆ. ಆಗ ದಿಬ್ಬದ ಮೇಲೆ ಜೀಪು ನಿಂತ ಸದ್ದಾಯಿತು.

ಇಬ್ಬರು ಇಳಿದು ಬಂದರು. ಒಬ್ಬ ಎಳೆಯ, ಹೆಗಲಲ್ಲಿ ಬಂದೂಕು. ಇನ್ನೊಬ್ಬ ನರೆತ ಗಡ್ಡದ ಮುದುಕ, ಸಮವಸ್ತ್ರ ಮೈಗೆ ಸಡಿಲ. ಎಳೆಯ ಅರಬ್ಬಿಯಲ್ಲಿ ಕೂಗಿದ. ನೋಡುವುದಕ್ಕೆ ಅಲ್ಲಿ ಬೇರೇನೂ ಇರಲಿಲ್ಲ. ಪಟ ದಡಕ್ಕೆ ತಗುಲಿ, ನೀರಿನ ಉಸಿರಿಗೆ ಒಂದು ಗೇಣು ಮುಂದೆ ಒಂದು ಗೇಣು ಹಿಂದೆ ಆಡುತ್ತಿತ್ತು. ಎಳೆಯನ ಬಂದೂಕು ಹೆಗಲಿನಿಂದ ಕೈಗೆ ಬಂತು.

ಮುದುಕ ಭಾವನನ್ನು ನೋಡಿದ, ಸದಾನಂದಣ್ಣನನ್ನು ನೋಡಿದ. "ಯೇ ಕ್ಯಾ ಹೈ?" ಎಂದ. ಹರೆಯದಲ್ಲಿ ಹಡಗಿನ ಜೊತೆ ಬೊಂಬಾಯಿಗೆ ಹೋಗಿ ಬಂದವರ ಹಳೆಯ ಹಿಂದಿ.

ಸದಾನಂದಣ್ಣ ಭಾವನ ಕಡೆ ನೋಡಿದರು. ಭಾವ ಪಟವನ್ನೇ ನೋಡುತ್ತಿದ್ದರು. ಅವರು ಏನು ಯೋಚಿಸುತ್ತಿದ್ದಾರೆಂದು ನನಗೆ ಗೊತ್ತಿತ್ತು, ಏಕೆಂದರೆ ನಾನೂ ಅದನ್ನೇ ಯೋಚಿಸುತ್ತಿದ್ದೆ. ಎಸೆಯಲು ಬಂದೆವು ಎಂದರೆ ಆ ಮನೆತನಕ್ಕೆ ಅವಮಾನ. ಗೌರವದಿಂದ ಬಿಡಲು ಬಂದೆವು ಎಂದರೆ ಇಳಿದ ದೊರೆಯ ಕಡೆಯವರು. ಸುಳ್ಳು ಹೇಳೋಣವೆಂದರೆ ಪಟ ಎದುರಿಗೇ ಇತ್ತು.

ನಾನು ಕಾಲೇಜಿನಲ್ಲಿ ಕಲಿತ ಹಿಂದಿಯಲ್ಲಿ ಹೇಳಿದೆ: ಇವರ ಅಂಗಡಿ ಹದಿನೆಂಟು ವರ್ಷ ಈ ಪಟದ ಕೆಳಗೆ ನಡೆಯಿತು. ಈಗ ಗೋಡೆಯ ಮೇಲೆ ಹೊಸ ಪಟ ಬಂದಿದೆ. ಅನ್ನ ಕೊಟ್ಟವರ ಪಟವನ್ನು ನಮ್ಮಲ್ಲಿ ಕಸಕ್ಕೆ ಹಾಕುವುದಿಲ್ಲ. ನೀರಿಗೆ ಕೊಡುತ್ತೇವೆ.

'ದೇವರ ಪಟದ ಹಾಗೆ' ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿದೆ. ಆ ಮಾತು ಹೊರಬಿದ್ದಿದ್ದರೆ ಏನಾಗುತ್ತಿತ್ತೆಂದು ಎಷ್ಟು ಸಲ ಯೋಚಿಸಿದ್ದೇನೋ ಲೆಕ್ಕವಿಲ್ಲ.

ಮುದುಕ ನೀರಿನ ಅಂಚಿಗೆ ಬಂದು ನಿಂತ. ಆಮೇಲೆ, ನೀರು ಇವರನ್ನು ಎಲ್ಲಿಗೆ ಒಯ್ಯುತ್ತದೆ ಎಂದು ಕೇಳಿದ.

"ಗೊತ್ತಿಲ್ಲ" ಎಂದೆ. "ಒಯ್ಯುತ್ತದೆ, ಅಷ್ಟೆ."

ಅವನು ಕಾಲ ಬಳಿ ಆಡುತ್ತಿದ್ದ ಪಟವನ್ನು ನೋಡಿದ. "ಒಯ್ಯಲಿಲ್ಲವಲ್ಲ" ಎಂದ.

ಎಳೆಯ ಜೀಪಿನ ವೈರ್‌ಲೆಸ್ ಕಡೆ ಕೈ ತೋರಿಸಿ ಏನೋ ಬಿರುಸಾಗಿ ಹೇಳಿದ. ಮುದುಕ ದನಿಯೆತ್ತದೆ ಎರಡು ಮಾತು ಹೇಳಿ ಅವನನ್ನು ನಮ್ಮ ಕಾರು ಹುಡುಕಲು ಕಳಿಸಿದ. ಅವನ ಬೆನ್ನು ತಿರುಗಿದ ಮೇಲೆ ಮುದುಕ ಬೂಟು ಕಳಚದೆಯೇ ನೀರಿಗಿಳಿದು ಪಟ ಎತ್ತಿಕೊಂಡ. ಮರಳ ಮೇಲೆ ಕುಳಿತು, ಚಾಕುವಿನ ಮೊನೆಯಿಂದ ಹಿಂಬದಿಯ ಮೊಳೆಗಳನ್ನು ಒಂದೊಂದಾಗಿ ಎಬ್ಬಿಸಿ, ಹಲಗೆ ಸರಿಸಿ, ತೊಯ್ದ ಕಾಗದವನ್ನು ಹೊರತೆಗೆದ. ಮಡಿಸಲಿಲ್ಲ. ಮುಖ ಒಳಗಾಗುವಂತೆ ಸುರುಳಿ ಸುತ್ತಿ ಅಂಗಿಯೊಳಗೆ ಇಟ್ಟು ಗುಂಡಿ ಹಾಕಿಕೊಂಡ. ಚೌಕಟ್ಟನ್ನು ಸದಾನಂದಣ್ಣನ ಕೈಗೆ ಕೊಟ್ಟ. ನಮ್ಮ ಮೂವರಿಗೂ ಹೊಳೆಯದಿದ್ದ ಕೆಲಸ ಅದು. ಮೊದಲೇ ಅಷ್ಟು ಮಾಡಿದ್ದರೆ ಕಡಲಿಗೆ ಬರಬೇಕಾಗಿರಲಿಲ್ಲ.

ಉಸಿರು ಬಿಡುವಷ್ಟರಲ್ಲಿ ಅವನು ಭಾವನ ಗುರುತಿನ ಚೀಟಿ ಕೇಳಿದ. ಜೇಬಿನಿಂದ ಪುಟ್ಟ ಪುಸ್ತಕ ತೆಗೆದು, ಚೀಟಿ ನೋಡುತ್ತ ನೋಡುತ್ತ ಬರೆದ. ಚೀಟಿ ಹಿಂದಕ್ಕೆ ಕೊಟ್ಟ. ಕಾರಿನಲ್ಲಿ ಮಗುವಿನ ಬಟ್ಟೆ ಬಿಟ್ಟು ಬೇರೇನೂ ಇಲ್ಲವೆಂದು ಎಳೆಯ ಕೂಗಿ ಹೇಳಿದ.

"ಯಲ್ಲಾ" ಎಂದ ಮುದುಕ, ಹೊರಡಿ ಎಂಬಂತೆ ಕೈ ಬೀಸಿ. "ಪಿಕ್‌ನಿಕ್ ಖಲಾಸ್."

ಮತ್ತೆ ಬಿನ್ ಒಮ್ರಾನ್

ಹಿಂತಿರುಗುವಾಗ ವಕ್ರಾ ದಾಟಿದ ಮೇಲೆ ಭಾವ ಒಂದೇ ಸಲ ಕೇಳಿದರು, "ಏನು ಬರ್ಕೊಂಡ?" ಮನೆ ಸೇರಿದಾಗ ಉಪವಾಸ ಬಿಡುವ ತೋಪಿನ ಸದ್ದು ಕೇಳಿಸಿತು, ಭಾವ ಮೆಟ್ಟಿಲ ಮೇಲೇ ಕುಳಿತುಬಿಟ್ಟರು. ಸಮುದ್ರ ಹೇಗಿತ್ತು ಎಂದು ಅಕ್ಕ ಕೇಳಿದಳು. ಆಳ ಇಲ್ಲ ಎಂದೆ.

ಕೆಲವು ದಿನಗಳ ಮೇಲೆ ಸರಕಾರವೇ ಹೇಳಿತು: ಹಳೆಯ ಅಮೀರರನ್ನು ಮತ್ತೆ ತರಲು ನಡೆದ ಪ್ರಯತ್ನವನ್ನು ಮುರಿಯಲಾಗಿದೆ, ಹಲವರನ್ನು ಹಿಡಿಯಲಾಗಿದೆ. ನಾವು ಯಾವ ದಿನಗಳಲ್ಲಿ ಆ ಪಟ ಹೊತ್ತು ಸೇನೆಯ ನಡುವೆ ಹೋಗಿದ್ದೆವೆಂಬುದು ಆಗ ತಿಳಿಯಿತು. ಭಾವ ಊಟದ ತಟ್ಟೆಯ ಮುಂದೆ ಕೈ ಕಟ್ಟಿ ಕುಳಿತಿದ್ದರು. ಲಿಫ್ಟ್ ನಮ್ಮ ಮಹಡಿಯಲ್ಲಿ ನಿಂತರೆ ಅವರ ಕಣ್ಣು ಬಾಗಿಲಿಗೆ ಹೋಗುತ್ತಿತ್ತು.

ನಾನು ಮುದುಕನ ಕೈಯಲ್ಲಿದ್ದ ಆ ಪೆನ್ನನ್ನೇ ನೆನೆದು ನೆನೆದು ಒಂದು ಸಂಗತಿ ಹಿಡಿದೆ. ಅದು ಬಲದಿಂದ ಎಡಕ್ಕೆ ಓಡಿತ್ತು. ಭಾವನಿಗೆ ಹೇಳಿದಾಗ ಅವರು ಎದ್ದು ಕುಳಿತರು. ಅರಬ್ಬಿಯಲ್ಲಿ ಅಕ್ಷರ ಬಲದಿಂದ ಬರೆಯುತ್ತಾರೆ, ಅಂಕಿ ಮಾತ್ರ ನಮ್ಮ ಹಾಗೆ ಎಡದಿಂದ. ಹಾಗಾದರೆ ಅವನು ಬರೆದದ್ದು ನಂಬರ್ ಅಲ್ಲ.

"ಹೆಸರು ಬರ್ಕೊಂಡಿರ್ಬೇಕು" ಎಂದರು. "ನಂಬರ್ ಇಲ್ದಿದ್ರೆ ನಾಗರಾಜ್ ಅಂತ ಯಾರನ್ನ ಹುಡುಕ್ತಾನೆ? ನಮ್ಮ ಪ್ಲಾಂಟಲ್ಲೇ ನಾಲ್ಕು ಜನ ಇದ್ದೀವಿ."

ಆ ಮಾತನ್ನೇ ಹಿಡಿದುಕೊಂಡು ಅವರು ಒಂದು ವರ್ಷ ಕಳೆದರು. ಮುಂದಿನ ಚಳಿಗಾಲದಲ್ಲಿ ಅವರ ವಾಸದ ಪರವಾನಗಿ ಯಾವ ಪ್ರಶ್ನೆಯೂ ಇಲ್ಲದೆ ನವೀಕರಣವಾಯಿತು. ಅಕ್ಕ ಕಾಗದದಲ್ಲಿ ಬರೆದಿದ್ದಳು: ಇವರು ಆ ದಿನ ಆಫೀಸಿನಿಂದ ಬಂದು ಮಗುವನ್ನು ಎತ್ತಿಕೊಂಡು ಸುಮ್ಮನೆ ಅತ್ತುಬಿಟ್ಟರು, ಯಾಕೆಂದು ಹೇಳುತ್ತಿಲ್ಲ, ನಿನಗೇನಾದರೂ ಗೊತ್ತೇ? ಹೋದ ವರ್ಷ ಅವಳು ಊರಿಗೆ ಬಂದಾಗ ಹೇಳಿದೆ. ಎರಡು ದಿನ ನನ್ನೊಡನೆ ಮಾತು ಬಿಟ್ಟಳು.

ಆ ಮುದುಕ ಕಾಗದವನ್ನು ಏನು ಮಾಡಿದನೋ. ಸಾಕ್ಷಿಗೆಂದು ಒಯ್ದನೋ, ಮನೆಯಲ್ಲಿ ಎಲ್ಲಾದರೂ ಇಟ್ಟುಕೊಂಡನೋ. ಇಟ್ಟುಕೊಂಡಿದ್ದರೆ, ಅವನ ಬಾಗಿಲಿಗೂ ಯಾರಾದರೂ ಬಂದರೋ.

ಮತ್ತೆ ಅಲ್ ಮನ್ಸೂರಾ

ಹೊರಡುವ ಹಿಂದಿನ ದಿನ ಸದಾನಂದಣ್ಣನಿಗೆ ಹೇಳಿ ಬರಲು ಹೋದೆ. ಹಬ್ಬ ಮುಗಿದು ಬೀದಿ ತುಂಬ ಜನ. ಅವರು ತಲೆಯೆತ್ತದೆ ಬಿಳಿ ಅಂಗಿಯೊಂದಕ್ಕೆ ಕಾಲರ್ ಕೂರಿಸುತ್ತಿದ್ದರು. ಹೊರಗೆ ಯಾವುದೋ ಗಾಡಿ ಬ್ರೇಕು ಹಾಕಿತು. ಇಬ್ಬರೂ ಒಟ್ಟಿಗೆ ಬಾಗಿಲ ಕಡೆ ನೋಡಿದೆವು. ತರಕಾರಿಯ ಗಾಡಿ.

ಗೋಡೆಯ ಮೇಲೆ ಕಿರೇ ಯಜಮಾನರು ಈಗ ಆ ತೇಗದ ಚೌಕಟ್ಟಿನಲ್ಲಿದ್ದರು. ಚೌಕಟ್ಟಿನ ಒಂದು ಮೂಲೆಯಲ್ಲಿ ಉಪ್ಪು ಬೆಳ್ಳಗೆ ಕಟ್ಟಿತ್ತು.

"ಮರ ಒಳ್ಳೇದುಂಟು ಟೀಚರೇ, ಊರಿಂದ ತಂದದ್ದು" ಎಂದರು ನನ್ನ ನೋಟ ಕಂಡು.

ಅದರ ಕೆಳಗಿದ್ದ ಊದಿನಕಡ್ಡಿಯ ಸ್ಟ್ಯಾಂಡು ಇರಲಿಲ್ಲ. ಗೋಡೆಯಲ್ಲಿ ಎರಡು ಮೊಳೆಯ ತೂತು ಉಳಿದಿತ್ತು.

"ಕಡ್ಡಿ ಹಚ್ಚುವುದಿಲ್ವಾ?" ಎಂದು ಕೇಳಿದೆ.

ಅವರು ಹಲ್ಲಿನಲ್ಲಿ ನೂಲು ಕಡಿದು, ಸೂಜಿಯನ್ನು ಬೆಳಕಿಗೆ ಹಿಡಿದರು.

"ಇಲ್ಲ. ಇನ್ನು ಯಾರಿಗೂ ಹಚ್ಚುದಿಲ್ಲ. ಹಚ್ಚಿದ ಮೇಲೆ ಇಳಿಸ್ಲಿಕ್ಕೆ ಕಷ್ಟ ಆಗ್ತದೆ."